ಬದುಕಿದ್ದವರ ಫೋಟೋ ಮೊದಲು

ತಾಂಡೂರಿನ ಆ ಎದೆರೋಗದ ದವಾಖಾನೆಯಲ್ಲಿ ನಾನು ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದೆ. ದೊಡ್ಡ ದವಾಖಾನೆಯೇನಲ್ಲ. ಸ್ಟೇಷನ್ ರಸ್ತೆ ಬಿಟ್ಟು ಒಳಗೆ ಹೋದರೆ ಒಂದು ಹಳೆಯ ಮನೆ. ಮುಂದಿನ ಪಡಸಾಲೆಯಲ್ಲಿ ರೋಗಿಗಳ ಬೆಂಚು, ನಡುವಿನ ಕೋಣೆಯಲ್ಲಿ ಡಾಕ್ಟರ್ ಸಾಹೇಬರು, ಹಿಂದಿನ ಕತ್ತಲೆ ಕೋಣೆಯಲ್ಲಿ ನಾನು ಮತ್ತು ನನ್ನ ಯಂತ್ರ. ಸಾಹೇಬರು ಜಹೀರಾಬಾದಿನವರು, ಸರ್ಕಾರಿ ನೌಕರಿ ಮುಗಿದ ಮೇಲೆ ಮನೆಯಲ್ಲಿ ಕೂರಲಾರದೆ ಇದನ್ನು ತೆರೆದಿದ್ದರು. ನಾನು ನಾರಾಯಣಖೇಡದ ಕಡೆಯವಳು, ಮನೂರಿನ ಹತ್ತಿರದ ಹಳ್ಳಿ. ರೋಗಿಗಳ ಜೊತೆ ಇಬ್ಬರೂ ತೆಲುಗೋ ಉರ್ದುವೋ ಯಾವುದು ಒದಗಿದರೆ ಅದರಲ್ಲಿ ಮಾತಾಡುತ್ತಿದ್ದೆವು; ನಾವಿಬ್ಬರೇ ಇದ್ದಾಗ ಮನೆಯ ಮಾತು, ಕನ್ನಡ.

ಬರುವವರಲ್ಲಿ ಹೆಚ್ಚಿನವರು ನೆಲಕ್ಕೆ ಹಾಸುವ ಪರಸಿ ಕಲ್ಲಿನ ಕೆಲಸದವರು. ಗಣಿಯಲ್ಲಿ ಕಲ್ಲು ಎಬ್ಬಿಸುವವರು, ಯಂತ್ರದ ಮೇಲೆ ಕೊರೆಯುವವರು, ಉಜ್ಜಿ ನುಣುಪು ಮಾಡುವವರು. ಕೆಮ್ಮು ಎಂದು ಬರುತ್ತಿದ್ದರು. ಬೇರೆ ಎಲ್ಲಿ ಹೋದರೂ ಟಿಬಿ ಎಂದು ಗುಳಿಗೆ ಕೊಟ್ಟು ಕಳಿಸುತ್ತಿದ್ದರು. ಗುಳಿಗೆ ಮುಗಿದರೂ ಕೆಮ್ಮು ಮುಗಿಯುತ್ತಿರಲಿಲ್ಲ. ಸಾಹೇಬರು ಅವರನ್ನು ವರ್ಷಕ್ಕೊಮ್ಮೆ ಕರೆಸಿ ಎದೆಯ ಫೋಟೋ ತೆಗೆಸುತ್ತಿದ್ದರು. ಎಕ್ಸ್‌ರೇಗೆ ಅಲ್ಲಿ ಎಲ್ಲರೂ ಫೋಟೋ ಎಂದೇ ಅನ್ನುತ್ತಿದ್ದುದು. ಹೋದ ವರ್ಷದ ಎದೆ, ಈ ವರ್ಷದ ಎದೆ, ಎರಡನ್ನೂ ಪರದೆಯ ಮೇಲೆ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಮೊದಲು ಸಾಸಿವೆ ಚೆಲ್ಲಿದ ಹಾಗಿದ್ದ ಬಿಳಿ ಚುಕ್ಕೆಗಳು ಬರಬರುತ್ತ ಒತ್ತಾಗಿ, ಒಂದಕ್ಕೊಂದು ಕೂಡಿ ಗಂಟು ಕಟ್ಟಿರುತ್ತಿದ್ದವು.

"ಒಂದು ಫೋಟೋ ಏನೂ ಹೇಳೂದಿಲ್ಲ ಬೇಟಾ," ಎನ್ನುತ್ತಿದ್ದರು ಸಾಹೇಬರು. "ಎರಡು ಇಟ್ಟಾಗ ನೋಡು, ಧೂಳು ಹೆಂಗ ಒಳಗ ನಡಕೊಂತ ಹೋಗ್ಯದ ಅಂತ ಕಾಣ್ತದ."

ಅವರಲ್ಲಿ ಯಾರಾದರೂ ತೀರಿಹೋದರೆ ಕಾರ್ಖಾನೆಯ ಮಾಲೀಕರು ಬೀಡಿ ಸೇದಿ ಸತ್ತ ಎನ್ನುತ್ತಿದ್ದರು, ಹೆಂಡ ಕುಡಿದು ಸತ್ತ ಎನ್ನುತ್ತಿದ್ದರು. ಪರಿಹಾರಕ್ಕೆಂದು ಕಾರ್ಮಿಕರ ಆಫೀಸಿಗೆ ಹೋದವರಿಗೆ ಕೈಯಲ್ಲಿ ಹಿಡಿಯುವುದಕ್ಕೆ ಇದ್ದದ್ದು ಈ ಫೋಟೋಗಳೊಂದೇ. ನಾವು ಹಾಳೆಯ ಮೇಲೆ ತೆಗೆದು ಕೊಟ್ಟದ್ದು ಅವರ ಗುಡಿಸಲುಗಳಲ್ಲಿ ಮಳೆಗೆ ನೆನೆದು, ಮಕ್ಕಳ ಕೈಗೆ ಸಿಕ್ಕು ಹಾಳಾಗುತ್ತಿತ್ತು. ಹಾಳಾಗದೆ ಉಳಿಯುತ್ತಿದ್ದದ್ದು ನನ್ನ ಕೋಣೆಯ ಕಂಪ್ಯೂಟರಿನಲ್ಲಿ.

ಅದರಲ್ಲಿ ಎರಡು ಹಾರ್ಡ್ ಡಿಸ್ಕ್ ಇದ್ದವು. ಒಂದರ ಮೇಲೆ ಏನು ಬರೆದರೂ ಅದೇ ಕ್ಷಣಕ್ಕೆ ಇನ್ನೊಂದರ ಮೇಲೂ ಬೀಳುತ್ತಿತ್ತು. ಜಹೀರಾಬಾದಿನ ಕಂಪ್ಯೂಟರ್ ಅಂಗಡಿಯವರು ಬಂದು ಕೂಡಿಸಿ, "ಕನ್ನಡಿ ಇದ್ದಂಗ್ರಿ ಇದು. ಒಂದು ಸತ್ರ ಇನ್ನೊಂದರಾಗ ಎಲ್ಲ ಇರ್ತದ," ಎಂದು ತಿಳಿಸಿ ಹೋಗಿದ್ದರು. ಆಮೇಲೆ ನಾವು ಅದನ್ನು ಮರೆತೇಬಿಟ್ಟಿದ್ದೆವು.

ಶ್ರಾವಣ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದಾಗ ಪರದೆಯ ಮೇಲೆ ಕೆಂಪು ಸಾಲೊಂದು ಬಂತು. ಮೊದಲನೇ ಡಿಸ್ಕ್ ಕೆಡುತ್ತಿದೆ, ಒಳಗಿದ್ದುದನ್ನು ಬೇರೆ ಕಡೆ ತೆಗೆದಿಟ್ಟುಕೊಳ್ಳಿ ಎಂದು ಅದರ ಅರ್ಥ. ಗುಂಡಿ ಒತ್ತಿದರೆ ಸಾಲು ಹೋಗಿ ಯಂತ್ರ ಎಂದಿನಂತೆ ನಡೆಯಿತು. ಸದ್ದು ಮಾತ್ರ ಬೇರೆಯಾಗಿತ್ತು. ಹಳೆಯ ಫೋಟೋ ತೆಗೆಯಲು ಹೋದಾಗ ಒಳಗೆ ಬೆರಳ ಗೆಣ್ಣಿನಿಂದ ಬಡಿದ ಹಾಗೆ ಟಕ್ ಟಕ್ ಎನ್ನುತ್ತಿತ್ತು.

ಅಂಗಡಿಯವರಿಗೆ ಫೋನು ಹಚ್ಚಿ ಸಾಹೇಬರ ಕೈಗೆ ಕೊಟ್ಟೆ. ಸಾಹೇಬರು ಸ್ಪೀಕರ್ ಹಾಕಿದರು.

"ಬದಲಿ ಮಾಡಬೇಕ್ರಿ," ಎಂದರು ಅಂಗಡಿಯವರು. "ಆದ್ರ ಒಂದು ಮಾತ್ ಹೇಳ್ತೀನಿ, ಆಮ್ಯಾಲ ಅನಬ್ಯಾಡ್ರಿ. ಹೊಸಾದು ಹಾಕಿದ್ರ, ಎರಡನೇದರಾಗ ಇದ್ದದ್ದೆಲ್ಲ ಅದರ ಮ್ಯಾಲ ಹೋಗಬೇಕು. ಒಂದು ಹಗಲು ಒಂದು ರಾತ್ರಿ ಪೂರಾ ಎರಡನೇದು ದುಡೀಬೇಕು. ಅದೂ ಇದರ ಜತೀನೇ ತಂದದ್ದು, ಒಂದೇ ಡಬ್ಬಿ ಮಾಲು. ಒಂದು ಮುದುಕ ಆಗ್ಯದಂದ್ರ ಇನ್ನೊಂದೇನು ಹರೇದ್ದು ಇರ್ತದೇನ್ರಿ?"

"ಮತ್ತ ಬಿಟ್ರ?"

"ಬಿಟ್ರ ಆರು ತಿಂಗಳೂ ನಡೀಬಹುದು. ನಾಳಿಗೇ ನಿಂತರೂ ನಿಂತೀತು. ಬದಲಿ ಮಾಡೂ ನಡುವ ಕರೆಂಟ್ ಹೋಗಬಾರದು ನೋಡ್ರಿ, ಅದು ಮುಖ್ಯ."

ನನಗೆ ಕೂಡಲೇ ಬದಲಾಯಿಸಬೇಕೆನಿಸಿತು, ಹಾಗೆಂದು ಹೇಳಿಯೂ ಹೇಳಿದೆ. ಆದರೆ ಮುಂದಿನ ವಾರವೇ ಕಲ್ಲಿನ ಕೆಲಸದವರ ತಪಾಸಣೆ ಇಟ್ಟುಕೊಂಡಿದ್ದೆವು; ಹಳ್ಳಿಹಳ್ಳಿಗೆ ಹೇಳಿ ಕಳಿಸಿ ಆಗಿತ್ತು. ಯಂತ್ರ ನಿಲ್ಲಿಸಿ ಕೂತರೆ ಒಂದು ದಿನದ ಕೂಲಿ ಬಿಟ್ಟು ಬಂದವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಬೇಕು. ಅವರು ಮತ್ತೆ ಬರುವುದಿಲ್ಲ. ಸಾಹೇಬರು ಕನ್ನಡಕ ಒರೆಸಿ ಹಾಕಿಕೊಂಡರು.

"ತಪಾಸಣೆ ಮುಗೀಲಿ," ಎಂದರು. "ಅದು ಮುಗಿದ ಮರುದಿನಾನೇ ಹಾಕಿಸೋಣು."

ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಇಂದಿಗೂ ನನಗೆ ಹಾಗೇ ಅನಿಸುತ್ತದೆ.

ತಪಾಸಣೆ ಮುಗಿಯಿತು. ಹೊಸ ಡಿಸ್ಕ್ ಹೈದರಾಬಾದಿನಿಂದ ಜಹೀರಾಬಾದಿಗೆ ಬರಬೇಕಿತ್ತು. ಅಷ್ಟರಲ್ಲಿ ಸಮ್ಮೆ, ಅಂದರೆ ಮುಷ್ಕರ, ಹತ್ತಿತು. ಪ್ರತ್ಯೇಕ ತೆಲಂಗಾಣ ರಾಜ್ಯದ ಸಲುವಾಗಿ ಬಂದ್‌ಗಳು ನಮಗೆ ಹೊಸವಲ್ಲ. ಒಂದು ದಿನ, ಎರಡು ದಿನ ಎಲ್ಲ ಮುಚ್ಚಿ ಮತ್ತೆ ತೆರೆಯುತ್ತಿದ್ದವು. ಇದು ಹಾಗಾಗಲಿಲ್ಲ. ಬಸ್ಸು ನಿಂತವು, ಶಾಲೆ, ಆಫೀಸು ಮುಚ್ಚಿದವು, ಕಲ್ಲಿದ್ದಲು ಗಣಿಯವರೂ ಕೆಲಸ ಬಿಟ್ಟರು ಎಂದು ಸುದ್ದಿ ಬಂತು. ಆಮೇಲೆ ಕರೆಂಟು ಹೋಗತೊಡಗಿತು. ರೈಲು ತಡೆದ ದಿನ ಸ್ಟೇಷನ್ನಿನಲ್ಲಿ ಜನ ಹಳಿಗಳ ಮೇಲೆಯೇ ಒಲೆ ಹೂಡಿ ಅಡಿಗೆ ಮಾಡಿದರು. ನಮ್ಮ ಗೋಡೆಯ ಮೇಲೆ ಯಾರೋ ಜೈ ತೆಲಂಗಾಣ ಎಂದು ಗುಲಾಬಿ ಬಣ್ಣದಲ್ಲಿ ಬರೆದಿದ್ದರು. ಸಾಹೇಬರು ಅಳಿಸಗೊಡಲಿಲ್ಲ. ಅವರಿಗೂ ರಾಜ್ಯ ಬೇಕಿತ್ತು, ನನಗೂ ಬೇಕಿತ್ತು. ಕನ್ನಡ ಮಾತಾಡುವವರಿಗೆ ಇದರಲ್ಲೇನು ಕೆಲಸ ಎಂದು ಔಷಧಿ ಅಂಗಡಿಯಲ್ಲಿ ಒಬ್ಬರು ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ನಮ್ಮ ಹಳ್ಳಿಗೂ ನೀರಿಲ್ಲ, ರಸ್ತೆಯಿಲ್ಲ. ಅದನ್ನು ಯಾವ ಭಾಷೆಯಲ್ಲಿ ಹೇಳಿದರೇನು?

ಕರೆಂಟು ದಿನಕ್ಕೆ ಕೆಲವೇ ತಾಸು, ಅದೂ ಇಂಥ ಹೊತ್ತಿಗೆ ಎಂದಿಲ್ಲ. ಬ್ಯಾಟರಿ ಹಳೆಯದು, ಕರೆಂಟು ಹೋದ ಮೇಲೆ ಯಂತ್ರವನ್ನು ಸರಿಯಾಗಿ ಆರಿಸುವಷ್ಟು ಹೊತ್ತು ಮಾತ್ರ ತಡೆಯುತ್ತಿತ್ತು. ಹೊಸ ಡಿಸ್ಕ್ ಇನ್ನೂ ಬಂದಿರಲಿಲ್ಲ; ಬಂದರೂ ಹಾಕುವಂತಿರಲಿಲ್ಲ. ಕೆಟ್ಟದ್ದು ದಿನದಿನಕ್ಕೆ ಹೆಚ್ಚು ಬಡಿಯುತ್ತಿತ್ತು.

ಒಂದು ದಿನ ಸಾಹೇಬರು ನನ್ನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು. "ಸೀಡಿ ಮ್ಯಾಲ ತೆಗದಿಡಾಕ ಬರ್ತದಲ್ಲ?"

"ಬರ್ತದ್ರಿ. ಆದ್ರ ಎಲ್ಲಾ ಆಗೂದಿಲ್ಲ. ನಮ್ಮ ಹತ್ರ ಅರ್ಧ ಡಬ್ಬಿ ಸೀಡಿ ಅವ. ಅಂಗಡಿ ಎಲ್ಲ ಬಂದ್. ಕರೆಂಟ್ ಇದ್ದಾಗ ಬಂದವರ ಫೋಟೋನೂ ತೆಗೀಬೇಕು."

"ಹಂಗಾದ್ರ ಯಾರದು ಮೊದಲು?"

ಆ ಪ್ರಶ್ನೆ ನನ್ನನ್ನು ಕೇಳಿದ್ದಲ್ಲ. ಆದರೂ ಇಬ್ಬರೂ ಪರದೆಯನ್ನು ನೋಡಿದೆವು. ಅಲ್ಲಿ ಹೆಸರುಗಳು ಒಂದರ ಕೆಳಗೊಂದು ಇದ್ದವು, ಇದ್ದವರದೂ ಹೋದವರದೂ ಕೂಡಿ.

"ಬದುಕಿದ್ದವರದು ಮೊದಲು," ಎಂದರು. "ಅವರಿಗೆ ಮದ್ದು ಕೊಡಾಕ ಬೇಕು. ಅದರಾಗೂ ಯಾರ ಉಸುರು ಭಾಳ ಕೆಟ್ಟದ ಅವರದು. ಹೋದವರದು ಆಮ್ಯಾಲ."

ನಾನು ಪಟ್ಟಿಯಲ್ಲಿ ಕೆಳಗಿಳಿಯುತ್ತ ಒಂದು ಹೆಸರಿನ ಮೇಲೆ ನಿಂತೆ. ಆತ ಸಿರ್ಗಾಪುರದ ಕಡೆಯವನು, ಕಲ್ಲು ಕೊರೆಯುವ ಯಂತ್ರದ ಮೇಲೆ ಇದ್ದವನು. ನಮ್ಮ ಸೀಮೆಯವನೇ ಆದ್ದರಿಂದ ಬಂದಾಗಲೆಲ್ಲ ನನ್ನ ಜೊತೆ ಮಾತಿಗೆ ನಿಲ್ಲುತ್ತಿದ್ದ. ಉಸಿರು ಹಿಡಿದು ನಿಲ್ಲು ಎಂದರೆ ಹಿಡಿಯಲಾಗದೆ ನಕ್ಕುಬಿಡುತ್ತಿದ್ದ. ಹಾಗಾಗಿ ಆತನ ಕೊನೆಯ ಫೋಟೋ ಸ್ವಲ್ಪ ಮಸುಕು. ಹೆಂಡತಿಯೂ ಅದೇ ಕಾರ್ಖಾನೆಯಲ್ಲಿ ಕಲ್ಲು ಉಜ್ಜುವವಳು. ಆಕೆ ಬಾಗಿಲ ಹೊರಗೆ ಆತನ ಅಂಗಿ ಹಿಡಿದು ನಿಂತಿರುತ್ತಿದ್ದಳು. ಮಳೆಗಾಲಕ್ಕೆ ಮುಂಚೆ ಆತ ತೀರಿಹೋಗಿದ್ದ. ನಮ್ಮಲ್ಲಿ ಇದ್ದ ಎಲ್ಲ ಫೋಟೋ ಸಾಲುಗಳಲ್ಲಿ ಆತನದೇ ಪೂರ್ತಿಯಾದದ್ದು, ಚೊಕ್ಕ ಎದೆಯಿಂದ ಹಿಡಿದು ಗಂಟು ಕಟ್ಟಿದ ಎದೆಯವರೆಗೆ.

"ಇವರದ್ರಿ?" ಎಂದೆ.

ಸಾಹೇಬರು ಹೆಸರು ಓದಿದರು. "ಆಕಿ ಇನ್ನೂ ಕೇಸ್ ಹಾಕಿಲ್ಲ. ಆಮ್ಯಾಲ ಬೇಟಾ. ಮೊದಲ ಉಸುರು ಇದ್ದವರದು."

ಹಾಗೇ ಮಾಡಿದೆ. ಕರೆಂಟು ಬಂದಾಗ ಓಡಿಹೋಗಿ ಯಂತ್ರ ಹಚ್ಚುವುದು, ಬೆಂಚಿನ ಮೇಲೆ ಕಾದವರ ಫೋಟೋ ತೆಗೆಯುವುದು, ಉಳಿದ ಹೊತ್ತಿನಲ್ಲಿ ಒಬ್ಬೊಬ್ಬರ ಎದೆಯನ್ನು ಸೀಡಿಗೆ ಹಾಕಿ ಮೇಲೆ ಹೆಸರು ಬರೆಯುವುದು. ಕೆಲವು ಸೀಡಿ ನಡುವೆಯೇ ಕರೆಂಟು ಹೋಗಿ ಕೆಟ್ಟವು. ಕೊನೆಕೊನೆಗೆ ಸೀಡಿ ತೀರಿದವು. ಬದುಕಿದ್ದವರಲ್ಲೇ ಇನ್ನೂ ಎಷ್ಟೋ ಜನ ಉಳಿದಿದ್ದರು.

ಸಮ್ಮೆ ಸಡಿಲಾಗುತ್ತ ಬಂದಾಗ ಅಂಗಡಿಯವರು ಹೊಸ ಡಿಸ್ಕ್ ತೆಗೆದುಕೊಂಡು ಜಹೀರಾಬಾದಿನಿಂದ ಮೋಟರ್ ಸೈಕಲ್ ಮೇಲೆ ಬಂದರು. ದಾರಿಯಲ್ಲಿ ಎರಡು ಕಡೆ ಟೈರು ಸುಟ್ಟು ರಸ್ತೆ ಕಟ್ಟಿದ್ದರಂತೆ. ದವಾಖಾನೆಯ ಸಾಮಾನು ಎಂದ ಮೇಲೆ ಬಿಟ್ಟರಂತೆ. ಅಕ್ಕಿ ಗಿರಣಿಯ ಮಾಲೀಕರೊಬ್ಬರಿಂದ ಸಾಹೇಬರು ಜನರೇಟರ್ ಕೇಳಿ ತರಿಸಿದ್ದರು. ಇನ್ನು ತಡೆಯುವುದು ಬೇಡ ಎಂದು ಮೂವರೂ ಒಪ್ಪಿದೆವು. ಕೆಟ್ಟ ಡಿಸ್ಕನ್ನು ಬಿಚ್ಚಿ ನನ್ನ ಮೇಜಿನ ಮೇಲೆ ಬಟ್ಟೆ ಹಾಸಿ ಇಟ್ಟರು. ಹೊಸದನ್ನು ಕೂಡಿಸಿದರು. ಪರದೆಯ ಮೇಲೆ ಹಸಿರು ಪಟ್ಟಿ ಎಡದಿಂದ ಬಲಕ್ಕೆ ಇರುವೆಯ ಹಾಗೆ ಸರಿಯತೊಡಗಿತು.

ಮಧ್ಯಾಹ್ನ ಊಟ ಮಾಡಿ ಬಂದೆವು. ಪಟ್ಟಿ ಅರ್ಧಕ್ಕೆ ಬರುವ ಮುಂಚೆ ನಿಂತಿತು. ಅಂಗಡಿಯವರು ಡಬ್ಬಿಯ ಹತ್ತಿರ ಕಿವಿ ಇಟ್ಟರು. ಅವರ ಮುಖ ನೋಡಿಯೇ ನನಗೆ ತಿಳಿಯಿತು. ಇಷ್ಟು ದಿನ ಸುಮ್ಮನಿದ್ದ ಎರಡನೇ ಡಿಸ್ಕು ಈಗ ಕಲ್ಲಿನ ಮೇಲೆ ಉಗುರು ಎಳೆದ ಹಾಗೆ ಕರಕರ ಅನ್ನುತ್ತಿತ್ತು. ಆರಿಸಿದರು. ತಣ್ಣಗಾಗಲಿ ಎಂದು ಬಿಟ್ಟು ಮತ್ತೆ ಹಚ್ಚಿದರು. ಯಂತ್ರ ಅದನ್ನು ಗುರುತೇ ಹಿಡಿಯಲಿಲ್ಲ. ಬಟ್ಟೆಯ ಮೇಲಿದ್ದ ಮೊದಲನೆಯದನ್ನು ಮತ್ತೆ ಕೂಡಿಸಿ ನೋಡಿದರು. ಅದು ಕೆಲವು ಸಲ ಬಡಿದು ಸುಮ್ಮನಾಯಿತು.

"ಹೋತ್ರಿ," ಎಂದರು ಅಂಗಡಿಯವರು. "ಎರಡೂ ಹೋದ್ವು."

ಹೊರಗೆ ಜನರೇಟರ್ ಇನ್ನೂ ಓಡುತ್ತಲೇ ಇತ್ತು. ಸಾಹೇಬರು ಅದನ್ನು ನಿಲ್ಲಿಸಲು ಹೇಳಿ ತಮ್ಮ ಕೋಣೆಗೆ ಹೋದರು. ಆಮೇಲೆ ಆ ಎರಡನ್ನೂ ಹೈದರಾಬಾದಿಗೆ, ಕೆಟ್ಟ ಡಿಸ್ಕಿನಿಂದ ಒಳಗಿದ್ದುದನ್ನು ತೆಗೆಯುವವರ ಹತ್ತಿರ ಕಳಿಸಿದೆವು. ಡಿಸ್ಕಿನ ಒಳಗಿನ ತಟ್ಟೆಯೇ ಗೀರಿಹೋಗಿದೆ, ಏನೂ ಸಿಗುವುದಿಲ್ಲ ಎಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ವಾಪಸು ಕಳಿಸಿದರು.

ದೀಪಾವಳಿಯ ಆಸುಪಾಸಿನಲ್ಲಿ ಆಕೆ ಬಂದಳು. ಕಲ್ಲು ಕೊರೆಯುತ್ತಿದ್ದವನ ಹೆಂಡತಿ. ಬೆಂಚಿನ ಮೇಲೆ ಕೂರದೆ ನೇರವಾಗಿ ನನ್ನ ಬಾಗಿಲಿಗೆ ಬಂದು ನಿಂತಳು.

"ತಂಗಿ, ಅವರ ಫೋಟೋ ಕೊಡು. ಯೂನಿಯನ್ನಿನವರು ಕೇಸ್ ಹಾಕಾಕ ಹತ್ಯಾರ. ಮೊದಲಿಂದ ಕಡೀತನಕ ಎಲ್ಲಾ ಬೇಕಂತ."

ನಾನು ಆಕೆಯನ್ನು ಸಾಹೇಬರ ಕೋಣೆಗೆ ಕರೆದುಕೊಂಡು ಹೋದೆ. ಅವರು ಎದ್ದು ನಿಂತು ಕುರ್ಚಿ ತೋರಿಸಿದರು. "ಕೂಡ್ರಮ್ಮಾ." ಆಮೇಲೆ ಏನೊಂದೂ ಮುಚ್ಚಿಡದೆ ಹೇಳಿದರು. ಎರಡು ಡಿಸ್ಕ್ ಇದ್ದವು, ಎರಡೂ ಕೆಟ್ಟವು, ಬದುಕಿದ್ದವರದು ಕೆಲವು ತೆಗೆದಿಟ್ಟೆವು, ನಿಮ್ಮ ಮನೆಯವರದು ಉಳಿಯಲಿಲ್ಲ.

ಆಕೆಗೆ ಡಿಸ್ಕಿನ ಮಾತು ಎಷ್ಟು ತಿಳಿಯಿತೋ ಗೊತ್ತಿಲ್ಲ. "ಯಾವುದೂ ಇಲ್ಲೇನ್ರಿ?" ಎಂದಳು.

"ನಿಮ್ಮ ಹತ್ರ ಹಾಳಿ ಕೊಟ್ಟಿದ್ವಲ್ಲ ಅಕ್ಕಾ? ಕರೇ ಹಾಳಿ?" ಎಂದು ನಾನು ಕೇಳಿದೆ.

"ಅವು ಅವರ ಜತೀನೇ ಹೋದ್ವು ತಂಗಿ. ಮಣ್ಣು ಕೊಡೋ ಮುಂದ ಅವರ ಅರಿವಿ, ಚಾದರ, ಎಲ್ಲಾ ಇಟ್ವಿ. ನಮ್ಮ ಮಾವ ಅಂದ, ಅದು ಅವನ ಎದೀನ, ಅದನ್ನ ಮನ್ಯಾಗ ಇಟ್ಕೋಬಾರದು, ಇಟ್ಟುಬಿಡ್ರಿ ಅಂತ. ಇಟ್ವಿ."

ಆಕೆ ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಸಾಹೇಬರು ತಮ್ಮ ಕೈಯಿಂದಲೇ ಒಂದು ಕಾಗದ ಬರೆದರು. ಈತನ ಎದೆಯನ್ನು ನಾನೇ ವರ್ಷ ವರ್ಷ ನೋಡಿದ್ದೇನೆ, ಕಲ್ಲಿನ ಧೂಳಿನಿಂದಲೇ ಕೆಟ್ಟದ್ದು ಎಂದು. ವಿಚಾರಣೆಯ ದಿನ ಕಾರ್ಮಿಕರ ಆಫೀಸಿಗೆ ತಾವೂ ಹೋದರು, ನನ್ನನ್ನೂ ಕರೆದುಕೊಂಡು ಹೋದರು. ಅಧಿಕಾರಿ ಮರ್ಯಾದೆಯಿಂದಲೇ ಮಾತಾಡಿದರು. ಡಾಕ್ಟರರ ಮಾತಿನ ಮೇಲೆ ತಮಗೆ ಅನುಮಾನವಿಲ್ಲ, ಆದರೆ ನೆನಪಿನ ಮೇಲೆ ಆದೇಶ ಬರೆಯಲು ಬರುವುದಿಲ್ಲ ಎಂದು ತೆಲುಗಿನಲ್ಲಿ ಹೇಳಿದರು. ಮಾಲೀಕರ ವಕೀಲರು ಆತ ಬೀಡಿ ಸೇದುತ್ತಿದ್ದನೇ ಎಂದು ಆಕೆಯನ್ನು ಕೇಳಿದರು. ಸೇದುತ್ತಿದ್ದ ಎಂದು ಆಕೆ ಇದ್ದದ್ದನ್ನೇ ಹೇಳಿದಳು. ಅಲ್ಲಿಗೆ ಮುಗಿಯಿತು.

ಮೆಟ್ಟಿಲು ಇಳಿಯುವಾಗ ಆಕೆ ಗೋಡೆ ಹಿಡಿದು ನಿಂತಳು. ಉಸಿರು ಮೇಲಕ್ಕೆ ಮೇಲಕ್ಕೆ ಎಳೆಯುತ್ತಿತ್ತು. ಸಾಹೇಬರು ಆಕೆಯ ಬೆನ್ನನ್ನೇ ನೋಡುತ್ತ ನಿಂತರು.

"ನೀವು ಉಜ್ಜೂ ಕೆಲಸಕ್ಕ ಬಂದು ಎಷ್ಟು ವರ್ಷ ಆತಮ್ಮಾ?"

"ಲಗ್ನ ಆಗಿ ಬಂದಾಗಿಂದ್ರಿ."

ಮರುದಿನ ಆಕೆಯ ಫೋಟೋ ತೆಗೆದೆ. ತೋಳು ಮುಂದಕ್ಕೆ ಮಾಡಿ, ಗದ್ದ ಮೇಲೆತ್ತಿ, ಉಸಿರು ಹಿಡಿದು ನಿಲ್ಲು ಅಕ್ಕಾ ಎಂದೆ. ಚೆನ್ನಾಗಿ ಹಿಡಿದಳು. ಪರದೆಯ ಮೇಲೆ ಆ ಸಾಸಿವೆ ಚುಕ್ಕೆಗಳು ಬಂದವು, ಎರಡೂ ಕಡೆ, ಮೇಲಿನ ಭಾಗದಲ್ಲಿ. ಸಾಹೇಬರು ಬಂದು ನೋಡಿದರು. ಮೊದಲಾಗಿದ್ದರೆ ಕೈ ತಾನಾಗಿ ಹಳೆಯ ಫೋಟೋ ತೆಗೆಯಲು ಹೋಗುತ್ತಿತ್ತು. ಆಕೆಯದು ಹಳೆಯದು ಯಾವುದೂ ಇರಲಿಲ್ಲ. ಗಂಡನನ್ನು ಕರೆತಂದು ಅಷ್ಟು ಸಲ ಬಾಗಿಲ ಹೊರಗೆ ನಿಂತಿದ್ದರೂ ಆಕೆಯನ್ನು ಒಳಗೆ ಕರೆಯಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ, ಆಕೆಗೂ ಹೊಳೆದಿರಲಿಲ್ಲ.

"ನಂಗೂ ಅದೇ ಏನ್ರಿ?" ಎಂದಳು.

"ಹೂನಮ್ಮಾ. ಶುರು ಆಗ್ಯದ."

"ಹಂಗಾರ ನನ್ನ ಫೋಟೋ ಮ್ಯಾಲ ಕೇಸ್ ಹಾಕಾಕ ಬರ್ತದೇನ್ರಿ?"

"ಒಂದು ಫೋಟೋ ಮ್ಯಾಲ ಕಷ್ಟ. ಇನ್ನೊಂದು ಬೇಕು. ಬೆಳದದ ಅಂತ ತೋರಿಸಬೇಕು."

"ಅಂದ್ರ ಅದು ಬೆಳೆಯೂತನಕ ನಾ ಅಲ್ಲೇ ದುಡೀಬೇಕು."

ಸಾಹೇಬರು ಬಾಗಿಲು ಮುಚ್ಚಲು ನನಗೆ ಸನ್ನೆ ಮಾಡಿದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಬ್ಯಾಡ. ನಾಳಿಂದ ಕಾರ್ಖಾನಿಗಿ ಹೋಗಬ್ಯಾಡ. ಪರಿಹಾರ ಹಾಳಾಗಿ ಹೋಗಲಿ. ಊರಿಗಿ ಹೋಗು, ತೊಗರಿ ಕೊಯ್ಯಾಕ ಹೋಗು, ಏನರೆ ಮಾಡು, ಧೂಳಿನಾಗ ನಿಂದರಬ್ಯಾಡ." ಹೇಳುತ್ತ ಹೇಳುತ್ತ ಅವರಿಗೆ ತಾವು ಏಕವಚನಕ್ಕೆ ಇಳಿದದ್ದು ಗೊತ್ತಾಗಿ ತಲೆ ತಗ್ಗಿಸಿದರು.

ಆಕೆ ಹೊರಟುಹೋದಳು. ಕೆಲಸ ಬಿಟ್ಟಳೋ ಇಲ್ಲವೋ ನಮಗೆ ತಿಳಿಯಲಿಲ್ಲ. ಆ ಚಳಿಗಾಲ ನಾನು ಊರಿಗೆ ಹೋಗುವಾಗಲೆಲ್ಲ ನಾರಾಯಣಖೇಡದ ಆಟೋ ನಿಲ್ಲುವ ಕಡೆ ಆಕೆಯನ್ನು ಹುಡುಕುತ್ತಿದ್ದೆ. ಸಾಹೇಬರು ಬದಲಾಗಿದ್ದರು. ರೋಗಿಗಳ ಮುಂದೆ ಮೊದಲಿನ ಹಾಗೇ ಇದ್ದರು. ರೋಗಿಗಳು ಹೋದ ಮೇಲೆ ಪರದೆಯ ಎಡಗಡೆ ಖಾಲಿ ಬಿಟ್ಟು, ಬಲಗಡೆ ಒಂದೇ ಎದೆ ಇಟ್ಟುಕೊಂಡು ಕೂತಿರುತ್ತಿದ್ದರು. ತಪಾಸಣೆ ಮುಂದೂಡಿ ಡಿಸ್ಕ್ ಹಾಕಿಸಬೇಕಿತ್ತೇ ಎಂದು ಒಮ್ಮೆ ನನ್ನನ್ನು ಕೇಳಿದರು. ಆಗ ಹಾಕಿದ್ದರೂ ಎರಡನೆಯದು ಒಡೆಯುತ್ತಿತ್ತೇನೋ, ಯಾರು ಬಲ್ಲರು ಎಂದೆ. ಅದು ಅವರಿಗೆ ಸಮಾಧಾನ ಕೊಡಲಿಲ್ಲ, ನನಗೂ ಕೊಡಲಿಲ್ಲ. ಆ ತಪಾಸಣೆಯಲ್ಲಿ ಫೋಟೋ ತೆಗೆಸಿಕೊಂಡವರಲ್ಲಿ ಹಲವರ ಎದೆಯೂ ಆ ಡಿಸ್ಕಿನಲ್ಲೇ ಹೋಗಿತ್ತು.

ಮೂರು ವರ್ಷಕ್ಕೆ ತೆಲಂಗಾಣ ರಾಜ್ಯ ಬಂತು. ತಾಂಡೂರಿನಲ್ಲಿ ಪಟಾಕಿ ಹೊಡೆದರು, ನಮ್ಮ ದವಾಖಾನೆಗೂ ಯಾರೋ ಪೇಢೆ ತಂದುಕೊಟ್ಟರು. ಆ ಮಳೆಗಾಲ ಕಳೆದ ಮೇಲೆ ಒಂದು ದಿನ ಆಕೆ ಬೆಂಚಿನ ಮೇಲೆ ಕೂತಿದ್ದಳು. ಮೈ ಇಳಿದಿತ್ತು, ಮುಖ ಬಿಸಿಲಿಗೆ ಕಪ್ಪಾಗಿತ್ತು. ಕಲ್ಲಿನ ಕೆಲಸದವರ ರೆಪ್ಪೆಯ ಮೇಲೆ ಸದಾ ಇರುವ ಬೂದಿ ಬಣ್ಣ ಇರಲಿಲ್ಲ.

"ರಾಯಿಕೋಡ ಕಡಿ ಹೊಲದ ಕೆಲಸಕ್ಕ ಹೋಗ್ತೀನಿ ತಂಗಿ," ಎಂದಳು. "ಸಾಹೇಬ್ರು ಬೈದ ಮರುದಿನಾನೇ ಬಿಟ್ಟೆ. ಫೋಟೋ ತೆಗಿ, ನೋಡೋಣು."

ತೆಗೆದೆ. ಈ ಸಲ ಹಳೆಯದು ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟೆ. ಸಾಹೇಬರ ಕಣ್ಣು ಆಗಲೇ ಮಂದವಾಗಿದ್ದವು. ಪರದೆಗೆ ಮೂಗು ತಾಗುವಷ್ಟು ಬಗ್ಗಿ ಒಂದೊಂದು ಚುಕ್ಕೆಯನ್ನೂ ನೋಡಿದರು. ಆಚೆಯದು, ಈಚೆಯದು, ಮತ್ತೆ ಆಚೆಯದು. ಧೂಳಿನಿಂದ ದೂರ ಹೋದ ಮೇಲೂ ಬೆಳೆಯುವುದುಂಟು. ಅದನ್ನು ನಾನೇ ಎಷ್ಟೋ ಜನರಲ್ಲಿ ಕಂಡಿದ್ದೆ.

"ಬೆಳದಿಲ್ಲ," ಎಂದರು. "ಹೆಂಗಿತ್ತೋ ಹಂಗೇ ಅದ."

ಆಕೆ ನನ್ನ ಕಡೆ ತಿರುಗಿದಳು. "ಛಲೋ ಆತೋ ಕೆಟ್ಟಾತೋ ತಂಗಿ?"

"ಛಲೋನೇ ಆತು ಅಕ್ಕಾ."

"ಕೇಸ್?"

ಸಾಹೇಬರೇ ಹೇಳಿದರು. "ಅದು ಆಗೂದಿಲ್ಲಮ್ಮಾ."

ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಸ್ವಲ್ಪ ಹೊತ್ತು ಪರದೆಯ ಮೇಲಿನ ತನ್ನ ಎರಡು ಎದೆಗಳನ್ನು ನೋಡಿ, ಗುಂಡಿಗೆ ಯಾವುದು ಎಂದು ಕೇಳಿದಳು. ತೋರಿಸಿದೆ. ಮುಂದಿನ ವರ್ಷ ಬರಬೇಕೇ ಎಂದು ಕೇಳಿದಳು. ಬರಲೇಬೇಕು ಎಂದರು ಸಾಹೇಬರು.

ನಾನು ಬಾಗಿಲವರೆಗೆ ಹೋದೆ. ರಸ್ತೆಯಲ್ಲಿ ಆಟೋ ತುಂಬಿ ನಿಂತಿತ್ತು, ಇನ್ನೊಬ್ಬರಿಗೆ ಮಾತ್ರ ಜಾಗವಿತ್ತು. ಆಟೋದವನು ಹಾರ್ನ್ ಹೊಡೆದು ಬೇಗ ಬಾ ಎಂದು ಕೂಗಿದ. ಆಕೆ ಒಂದು ಮೆಟ್ಟಿಲು ಇಳಿದು ನಿಂತು ಉಸಿರು ತೆಗೆದುಕೊಂಡಳು, ಇನ್ನೊಂದು ಇಳಿದು ಮತ್ತೆ ನಿಂತಳು. ಆತ ಮತ್ತೆ ಹಾರ್ನ್ ಹೊಡೆದ. ಅವಸರ ಮಾಡುವಷ್ಟು ಉಸಿರು ಆಕೆಯಲ್ಲಿ ಇರಲಿಲ್ಲ.